ಆಕಾಶದ ಸ್ಫೋಟ, ನೆಲದ ಸಂಶಯ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಒಂದು ಭಾರೀ ಸದ್ದು ಕೇಳಿಸಿತು. ಅದು ಲಾಕ್‌ಡೌನ್ ಕಾಲ. ರಸ್ತೆಗಳು ಎಂದಿನಷ್ಟು ಗದ್ದಲದಿಂದ ಕೂಡಿರಲಿಲ್ಲ. ಕಿಟಕಿಗಳು ಅದುರಿದವು, ಜನ ಮನೆಯಿಂದ ಹೊರಗೆ ಬಂದು ಆಕಾಶ ನೋಡಿದರು. ಕೆಲವೇ ನಿಮಿಷಗಳಲ್ಲಿ ಮೊಬೈಲುಗಳಲ್ಲಿ ಉತ್ತರಗಳು ಹರಿದಾಡತೊಡಗಿದವು. ಒಬ್ಬರು ಭೂಕಂಪ ಎಂದರು, ಮತ್ತೊಬ್ಬರು ಉಲ್ಕೆ ಎಂದರು, ಇನ್ನೊಬ್ಬರು ಬಾಂಬ್ ಎಂದರು. ಭೂಕಂಪಮಾಪಕಗಳಲ್ಲಿ ಕಂಪನ ದಾಖಲಾಗಿಲ್ಲ ಎಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಿಳಿಸಿತು. ಕೊನೆಗೆ ರಕ್ಷಣಾ ಇಲಾಖೆಯಿಂದ ವಿವರಣೆ ಬಂತು. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿತ್ತು, ಅದು ಶಬ್ದದ ವೇಗವನ್ನು ಮೀರಿ ಹಾರಿ ಮತ್ತೆ ವೇಗ ತಗ್ಗಿಸುವಾಗ ಉಂಟಾದ ಸದ್ದು ಅದಾಗಿರಬಹುದು ಎಂದು ಹೇಳಲಾಯಿತು.

ಅಲ್ಲಿಗೆ ವಿಷಯ ಮುಗಿಯಿತು. ಆದರೆ ಸದ್ದು ಕೇಳಿಸಿದ್ದಕ್ಕೂ ಅದರ ಕಾರಣ ತಿಳಿದದ್ದಕ್ಕೂ ನಡುವೆ ಕೆಲವು ಗಂಟೆಗಳಿದ್ದವು. ಆ ಗಂಟೆಗಳಲ್ಲಿ ನಾವು ಏನೇನು ಊಹಿಸಿದೆವು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಕಾರಣ ಗೊತ್ತಿಲ್ಲದ ಸ್ಫೋಟವೊಂದು ಸಂಭವಿಸಿದಾಗ ನಾವು ಮೊದಲು ಕೇಳುವುದು ‘ಇದೇನು?’ ಎಂದಲ್ಲ, ‘ಇದನ್ನು ಮಾಡಿದವರು ಯಾರು?’ ಎಂದು. ಒಂದು ಊರಿನಲ್ಲಿ ಈ ಅವಸರದಿಂದ ಗಾಳಿಸುದ್ದಿ ಹಬ್ಬಬಹುದು. ಅಣುಬಾಂಬು ಇಟ್ಟುಕೊಂಡ ಎರಡು ದೇಶಗಳ ನಡುವೆ ಇದೇ ಅವಸರ ಉಂಟಾದರೆ?

ಇದು ಬರೀ ಕಲ್ಪನೆಯಲ್ಲ. ಅಂಥದೊಂದು ಘಳಿಗೆ ನಮ್ಮ ತಲೆಯ ಮೇಲಿಂದಲೇ ದಾಟಿಹೋಗಿದೆ.

2002ರ ಜೂನ್ 6

2001ರ ಡಿಸೆಂಬರ್ 13ರಂದು ದೆಹಲಿಯ ಸಂಸತ್ ಭವನದ ಮೇಲೆ ದಾಳಿ ನಡೆಯಿತು. ಅದರ ಬೆನ್ನಿಗೆ ಭಾರತ ಮತ್ತು ಪಾಕಿಸ್ತಾನಗಳ ಲಕ್ಷಾಂತರ ಸೈನಿಕರು ಗಡಿಯ ಎರಡೂ ಬದಿಯಲ್ಲಿ ಮುಖಾಮುಖಿಯಾಗಿ ನಿಂತರು. 2002ರ ಮೇ 14ರಂದು ಜಮ್ಮುವಿನ ಕಾಲೂಚಕ್‌ನಲ್ಲಿ ಸೈನಿಕರ ಹೆಂಡತಿ ಮಕ್ಕಳನ್ನೂ ಬಿಡದೆ ಕೊಲ್ಲಲಾಯಿತು. ಯುದ್ಧ ಇಂದೋ ನಾಳೆಯೋ ಎಂಬಂತಹ ದಿನಗಳವು. ಎರಡೂ ದೇಶಗಳು 1998ರ ಮೇ ತಿಂಗಳಲ್ಲಿ ಅಣುಪರೀಕ್ಷೆ ನಡೆಸಿ ಆಗಿತ್ತು. ಪಶ್ಚಿಮದ ದೇಶಗಳು ತಮ್ಮ ನಾಗರಿಕರಿಗೆ ಭಾರತದಿಂದ ಹೊರಡುವಂತೆ ಸಲಹೆ ನೀಡಿದ್ದವು. ಜೂನ್ 6ರಂದು ಅಮೆರಿಕದ ವಿದೇಶಾಂಗ ಉಪಸಚಿವ ರಿಚರ್ಡ್ ಆರ್ಮಿಟೇಜ್ ಇಸ್ಲಾಮಾಬಾದಿನಲ್ಲಿ ಜನರಲ್ ಮುಷರ್ರಫ್ ಜೊತೆ ಮಾತುಕತೆಯಲ್ಲಿದ್ದರು.

ಅದೇ ದಿನ, ಭಾರತೀಯ ಕಾಲಮಾನ ಬೆಳಿಗ್ಗೆ ಹತ್ತರ ಸುಮಾರಿಗೆ, ಗ್ರೀಸ್ ಮತ್ತು ಲಿಬಿಯಾ ನಡುವಿನ ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲಿ ಒಂದು ಮಹಾಸ್ಫೋಟವಾಯಿತು. ಬಾಹ್ಯಾಕಾಶದಿಂದ ಬಂದ ಕಲ್ಲೊಂದು ವಾತಾವರಣಕ್ಕೆ ನುಗ್ಗಿ ಸಿಡಿದಿತ್ತು. ಹಿರೋಷಿಮಾದ ಮೇಲೆ ಹಾಕಿದ ಬಾಂಬಿಗೆ ಹೋಲಿಸಬಹುದಾದಷ್ಟು ಶಕ್ತಿ ಅದರಲ್ಲಿತ್ತು. ಕೆಳಗಿದ್ದದ್ದು ಬರೀ ನೀರು. ಅಮೆರಿಕದ ಸೇನಾ ಉಪಗ್ರಹಗಳು ಆ ಮಿಂಚನ್ನು ದಾಖಲಿಸಿಕೊಂಡವು. ಜಗತ್ತಿನ ಬಹುತೇಕ ಪತ್ರಿಕೆಗಳಿಗೆ ಮರುದಿನ ಅದು ಸುದ್ದಿಯಾಗಲೇ ಇಲ್ಲ.

ಅಮೆರಿಕದ ಬಾಹ್ಯಾಕಾಶ ಕಮಾಂಡಿನ ಹಿರಿಯ ಅಧಿಕಾರಿಯಾಗಿದ್ದ ಬ್ರಿಗೇಡಿಯರ್ ಜನರಲ್ ಸೈಮನ್ ವರ್ಡನ್ ಅದೇ ವರ್ಷ ಈ ಘಟನೆಯನ್ನು ಬಹಿರಂಗವಾಗಿ ಪ್ರಸ್ತಾಪಿಸಿದರು. ಅವರ ಮಾತಿನ ತಾತ್ಪರ್ಯ ಇಷ್ಟು: ಈ ಸ್ಫೋಟ ಕೆಲವು ಗಂಟೆ ಮೊದಲು ಭಾರತ-ಪಾಕಿಸ್ತಾನದ ಗಡಿಯ ಮೇಲೆ ಸಂಭವಿಸಿದ್ದರೆ, ಅದು ಅಣುಬಾಂಬೋ ಆಕಾಶದ ಕಲ್ಲೋ ಎಂದು ಗುರುತಿಸುವ ಸಾಧನ ಆ ಎರಡೂ ದೇಶಗಳ ಬಳಿ ಇರಲಿಲ್ಲ. ಆ ಗಾಬರಿಯಲ್ಲಿ ಅಣುಯುದ್ಧವೇ ಆರಂಭವಾಗಬಹುದಿತ್ತು.

ನಕ್ಷೆಯನ್ನು ತೆರೆದು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಸ್ಫೋಟ ನಡೆದದ್ದು ಉತ್ತರ ಅಕ್ಷಾಂಶ 34 ಡಿಗ್ರಿಯ ಆಸುಪಾಸಿನಲ್ಲಿ. ಶ್ರೀನಗರ ಇರುವುದೂ ಅದೇ ಅಕ್ಷಾಂಶದಲ್ಲಿ. ರೇಖಾಂಶದಲ್ಲಿ ಎರಡಕ್ಕೂ ಸುಮಾರು 54 ಡಿಗ್ರಿಗಳ ಅಂತರ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅಂದರೆ ಆ ಕಲ್ಲು ಸುಮಾರು ಮೂರೂವರೆ ಗಂಟೆ ಮೊದಲು ಬಂದಿದ್ದರೆ ಅದರ ದಾರಿಯಲ್ಲಿ ಇರುತ್ತಿದ್ದದ್ದು ಕಾಶ್ಮೀರ. ಕೋಟ್ಯಂತರ ವರ್ಷ ಸೂರ್ಯನ ಸುತ್ತ ಅಲೆದ ಕಲ್ಲಿಗೆ ಮೂರೂವರೆ ಗಂಟೆ ಯಾವ ಲೆಕ್ಕ?

ಜಲಂಧರಿನ ಆಮಿಲ

ಆಕಾಶದಿಂದ ಬಂದ ಸದ್ದಿಗೆ ಜನ ಬೆಚ್ಚಿಬಿದ್ದದ್ದು ಇದೇ ಮೊದಲಲ್ಲ. ನಮ್ಮ ದೇಶದಲ್ಲೇ ಇದಕ್ಕೆ ಒಂದು ಉತ್ತಮ ದಾಖಲೆಯಿದೆ. ಮೊಗಲ್ ಬಾದಶಹ ಜಹಾಂಗೀರ್ ತನ್ನ ಆತ್ಮಚರಿತ್ರೆಯಾದ ‘ತುಜುಕ್-ಎ-ಜಹಾಂಗೀರಿ’ಯಲ್ಲಿ ಇದನ್ನು ಬರೆದಿದ್ದಾನೆ. 1621ರ ಏಪ್ರಿಲ್ 10ರ ಬೆಳಿಗ್ಗೆ ಪಂಜಾಬಿನ ಜಲಂಧರ್ ಪರಗಣೆಯ ಒಂದು ಹಳ್ಳಿಯಲ್ಲಿ ಪೂರ್ವದಿಕ್ಕಿನಿಂದ ಭಯಂಕರ ಸದ್ದು ಕೇಳಿಬಂತು. ಹಳ್ಳಿಯವರ ಜೀವವೇ ಬಾಯಿಗೆ ಬಂದಂತಾಯಿತು. ಅದರೊಡನೆ ಹೊಳೆಯುವ ವಸ್ತುವೊಂದು ಆಕಾಶದಿಂದ ನೆಲಕ್ಕೆ ಬಿತ್ತು.

ಸುದ್ದಿ ಅಲ್ಲಿನ ಆಮಿಲ, ಅಂದರೆ ಕಂದಾಯ ಅಧಿಕಾರಿ, ಮುಹಮ್ಮದ್ ಸಯೀದನಿಗೆ ತಲುಪಿತು. ಅವನು ಸ್ವತಃ ಸ್ಥಳಕ್ಕೆ ಹೋದ. ಹತ್ತು ಹನ್ನೆರಡು ಗಜದಷ್ಟು ನೆಲ ಹುಲ್ಲಿನ ಗುರುತೂ ಉಳಿಯದಂತೆ ಸುಟ್ಟುಹೋಗಿತ್ತು. ನೆಲ ಇನ್ನೂ ಬಿಸಿಯಾಗಿತ್ತು. ಅಗೆಯಲು ಆಜ್ಞೆ ಮಾಡಿದ. ಆಳಕ್ಕೆ ಹೋದಷ್ಟೂ ಬಿಸಿ ಹೆಚ್ಚಿತು. ಕೊನೆಗೆ ಕಬ್ಬಿಣದ ಗಟ್ಟಿಯೊಂದು ಸಿಕ್ಕಿತು. ಆಮಿಲ ಅದನ್ನು ಚೀಲದಲ್ಲಿ ಹಾಕಿ, ಮೊಹರು ಮಾಡಿ, ಬಾದಶಹನಿಗೆ ಕಳುಹಿಸಿದ. ಜಹಾಂಗೀರ್ ತನ್ನೆದುರೇ ತೂಗಿಸಿದ. 160 ತೊಲ ತೂಗಿತು. ಉಸ್ತಾದ್ ದಾವೂದ್ ಎಂಬ ಕಮ್ಮಾರನಿಗೆ ಅದರಿಂದ ಆಯುಧಗಳನ್ನು ಮಾಡಲು ಹೇಳಿದ. ಆ ಕಬ್ಬಿಣ ಸುತ್ತಿಗೆಯ ಪೆಟ್ಟಿಗೆ ನಿಲ್ಲದೆ ಒಡೆದುಹೋಗುತ್ತಿತ್ತು. ಆಗ ಅದರ ಮೂರು ಪಾಲಿಗೆ ಒಂದು ಪಾಲು ಸಾಮಾನ್ಯ ಕಬ್ಬಿಣ ಬೆರೆಸಿ ಎರಡು ಖಡ್ಗ, ಒಂದು ಚೂರಿ, ಒಂದು ಕಠಾರಿ ಮಾಡಲಾಯಿತು. ಅದೇ ಕಬ್ಬಿಣದ ಚೂರಿಯೊಂದು ಇಂದಿಗೂ ಅಮೆರಿಕದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಈ ವೃತ್ತಾಂತದಲ್ಲಿ ನಮಗೆ ಮುಖ್ಯವೆನಿಸುವುದು ಖಡ್ಗಗಳಲ್ಲ, ಆ ಆಮಿಲನ ನಡೆ. ಅವನು ಗಾಳಿಸುದ್ದಿಯನ್ನು ದರಬಾರಿಗೆ ಕಳುಹಿಸಲಿಲ್ಲ. ಸ್ಥಳಕ್ಕೆ ಹೋದ, ನೋಡಿದ, ಅಗೆಸಿದ, ಮೊಹರು ಮಾಡಿ ಕಳುಹಿಸಿದ. ಉಲ್ಕೆಯ ಬಗ್ಗೆ ಅವನಿಗೆ ವಿಜ್ಞಾನ ಗೊತ್ತಿರಲಿಲ್ಲ. ಆದರೆ ವಿಚಾರಣೆ ಎಂದರೇನು ಎಂಬುದು ಗೊತ್ತಿತ್ತು.

ಇದಾದ ಒಂದೂವರೆ ಶತಮಾನದ ಬಳಿಕ ಯುರೋಪಿನ ಮಹಾವಿದ್ವಾಂಸರಿಗೆ ಈ ತಾಳ್ಮೆ ಇರಲಿಲ್ಲ ಎಂಬುದು ಸೋಜಿಗದ ಸಂಗತಿ. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಆಕಾಶದಿಂದ ಕಲ್ಲು ಬಿದ್ದುದನ್ನು ರೈತರು ಕಣ್ಣಾರೆ ಕಂಡರು. ಲವಾಸಿಯೆ ಅವರಂತಹ ಶ್ರೇಷ್ಠ ರಸಾಯನ ವಿಜ್ಞಾನಿಯಿದ್ದ ಸಮಿತಿ ಅದನ್ನು ಪರೀಕ್ಷಿಸಿ, ಇದು ನೆಲದ ಕಲ್ಲೇ, ಸಿಡಿಲು ಬಡಿದಿದೆ ಅಷ್ಟೆ ಎಂದು ತೀರ್ಮಾನಿಸಿತು. ರೈತರ ಸಾಕ್ಷ್ಯಕ್ಕೆ ಬೆಲೆ ಬರಲಿಲ್ಲ.

ಈ ತೀರ್ಮಾನವನ್ನು ಬದಲಿಸುವುದರಲ್ಲಿ ನಮ್ಮ ಬನಾರಸಿನ ಕಲ್ಲುಗಳ ಪಾತ್ರವೂ ಇದೆ. 1798ರ ಡಿಸೆಂಬರ್ 19ರ ರಾತ್ರಿ ಬನಾರಸಿನ ಸಮೀಪ ಬೆಂಕಿಯ ಉಂಡೆಯೊಂದು ಆಕಾಶದಲ್ಲಿ ಕಾಣಿಸಿ, ಗುಡುಗಿನಂತಹ ಸದ್ದಾಗಿ, ಹೊಲಗಳಲ್ಲಿ ಕಲ್ಲುಗಳು ಬಿದ್ದವು. ಹಳ್ಳಿಗರ ಹೇಳಿಕೆಗಳ ಸಮೇತ ಅದರ ವರದಿ ಲಂಡನ್ನಿಗೆ ಹೋಯಿತು. ಎಡ್ವರ್ಡ್ ಹೊವಾರ್ಡ್ ಎಂಬ ರಸಾಯನ ವಿಜ್ಞಾನಿ ಬನಾರಸಿನ ಕಲ್ಲನ್ನೂ ಯುರೋಪಿನ ಬೇರೆ ಬೇರೆ ಕಡೆ ಬಿದ್ದ ಕಲ್ಲುಗಳನ್ನೂ ಒಟ್ಟಿಗೆ ಪರೀಕ್ಷಿಸಿ 1802ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿರಾರು ಮೈಲಿ ಅಂತರದಲ್ಲಿ ಬಿದ್ದ ಆ ಕಲ್ಲುಗಳು ಒಂದನ್ನೊಂದು ಹೋಲುತ್ತಿದ್ದವು. ಎಲ್ಲದರಲ್ಲೂ ನಿಕಲ್ ಇತ್ತು. ಮರುವರ್ಷ, 1803ರ ಏಪ್ರಿಲ್ 26ರಂದು, ಫ್ರಾನ್ಸಿನ ಲೈಗ್ಲ್ ಎಂಬ ಊರಿನ ಮೇಲೆ ಸಾವಿರಾರು ಕಲ್ಲುಗಳು ಸುರಿದವು. ಜಾನ್ ಬಾಪ್ತಿಸ್ತ್ ಬಿಯೊ ಎಂಬ ಯುವ ವಿಜ್ಞಾನಿ ಅಲ್ಲಿಗೆ ಹೋಗಿ ಹಳ್ಳಿ ಹಳ್ಳಿ ಸುತ್ತಿ ಜನರ ಹೇಳಿಕೆಗಳನ್ನು ತಾಳೆ ನೋಡಿದರು. ಅಂದಿನಿಂದ ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನು ವಿಜ್ಞಾನ ಒಪ್ಪಿಕೊಂಡಿತು. ಇಂದು ಉಲ್ಕಾಶಿಲೆಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ನಮ್ಮ ಉಡುಪಿಯ ಹೆಸರೂ ಇದೆ. ಅಲ್ಲಿ ಕಲ್ಲು ಬಿದ್ದದ್ದು 1866ರಲ್ಲಿ.

ಕಲ್ಲೇ ಸಿಗದ ಸ್ಫೋಟ

ಹೀಗೆ, ಬಿದ್ದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ನಂಬಿಕೆ ಬಂತು. ಆದರೆ ಕೈಗೆ ಕಲ್ಲೇ ಸಿಗದಿದ್ದರೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪ್ರಶ್ನೆ ಸೈಬೀರಿಯಾದ ಕಾಡಿನಲ್ಲಿ ಎದುರಾಯಿತು.

1908ರ ಜೂನ್ 30ರ ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಪೊಡ್ಕಾಮೆನ್ನಾಯಾ ತುಂಗುಸ್ಕಾ ನದಿಯ ಪ್ರದೇಶದಲ್ಲಿ ಸೂರ್ಯನಷ್ಟೇ ಪ್ರಖರವಾದ ಬೆಂಕಿಯೊಂದು ಆಕಾಶವನ್ನು ಸೀಳಿಕೊಂಡು ಬಂತು. ನಂತರ ಸ್ಫೋಟ. ಸುಮಾರು 65 ಕಿಲೋಮೀಟರ್ ದೂರದ ವನವಾರಾ ಎಂಬ ವ್ಯಾಪಾರದ ಠಾಣೆಯಲ್ಲಿ ಮನೆಯ ಜಗಲಿಯ ಮೇಲೆ ಕುಳಿತಿದ್ದ ಸೆಮ್ಯೊನೊವ್ ಎಂಬವನಿಗೆ ಮೈಮೇಲಿನ ಅಂಗಿಗೇ ಬೆಂಕಿ ಹತ್ತಿದಂತಹ ಶಾಖ ತಗಲಿತು. ಮರುಕ್ಷಣ ಅವನು ಎತ್ತಿ ಎಸೆಯಲ್ಪಟ್ಟ. ಸುಮಾರು 2,150 ಚದರ ಕಿಲೋಮೀಟರ್ ಕಾಡು ನೆಲಕ್ಕೊರಗಿತು. ಬಿದ್ದ ಮರಗಳು ಎಂಟು ಕೋಟಿ ಎಂದು ಅಂದಾಜು. ಇರ್ಕುಟ್‌ಸ್ಕ್‌ನ ಭೂಕಂಪಮಾಪಕ ನಡುಗಿತು. ಇಂಗ್ಲೆಂಡಿನ ವಾಯುಭಾರಮಾಪಕಗಳಲ್ಲಿ ಗಾಳಿಯ ಅಲೆ ದಾಖಲಾಯಿತು. ಮುಂದಿನ ಕೆಲವು ರಾತ್ರಿಗಳಲ್ಲಿ ಯುರೋಪಿನ ಆಕಾಶ ಎಷ್ಟು ಬೆಳಗುತ್ತಿತ್ತೆಂದರೆ ಲಂಡನ್ನಿನಲ್ಲಿ ನಡುರಾತ್ರಿ ದೀಪವಿಲ್ಲದೆ ಓದಬಹುದಿತ್ತು.

ಇಷ್ಟಾದರೂ ಜಗತ್ತಿಗೆ ಏನಾಯಿತೆಂದು ತಿಳಿಯಲಿಲ್ಲ. ಇಂಗ್ಲೆಂಡಿನವರ ಬಳಿ ಗಾಳಿಯ ಅಲೆಯ ಗೆರೆಯಿತ್ತು, ಸೈಬೀರಿಯಾದವರ ಬಳಿ ಕಣ್ಣಿನ ಸಾಕ್ಷ್ಯವಿತ್ತು. ಎರಡನ್ನೂ ಜೋಡಿಸುವವರು ಇರಲಿಲ್ಲ. ವಿಪಲ್ ಎಂಬ ಬ್ರಿಟಿಷ್ ಪವನಶಾಸ್ತ್ರಜ್ಞರು ಆ ಎರಡನ್ನೂ ಜೋಡಿಸಿ ಬರೆದದ್ದು 1930ರಲ್ಲಿ, ಇಪ್ಪತ್ತೆರಡು ವರ್ಷಗಳ ನಂತರ! ಈ ನಡುವೆ ರಷ್ಯಾದಲ್ಲಿ ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ ಎಲ್ಲವೂ ನಡೆದುಹೋಗಿದ್ದವು. ಕಾಡಿನ ನಡುವೆ ಹಿಮಸಾರಂಗ ಮೇಯಿಸಿಕೊಂಡಿದ್ದ ಎವೆಂಕಿ ಬುಡಕಟ್ಟಿನವರ ಮಾತನ್ನು ಕೇಳುವ ಪುರುಸೊತ್ತು ಯಾರಿಗಿತ್ತು?

ಕೇಳಿದವರು ಲಿಯೊನಿದ್ ಕೂಲಿಕ್ ಎಂಬ ವಿಜ್ಞಾನಿ. ಅವರನ್ನು ಈ ದಾರಿಗೆ ಹಚ್ಚಿದ್ದು ಒಂದು ಹಳೆಯ ಕ್ಯಾಲೆಂಡರಿನ ಹಾಳೆ. ಕಾನ್ಸ್ಕ್ ಪಟ್ಟಣದ ಸಮೀಪ ಉಲ್ಕೆ ಬಿದ್ದಿತೆಂದೂ, ರೈಲು ನಿಲ್ಲಿಸಿ ಪ್ರಯಾಣಿಕರು ಅದನ್ನು ನೋಡಲು ಹೋದರೆಂದೂ, ಅದು ಕೆಂಡದಂತೆ ಬಿಸಿಯಾಗಿದ್ದರಿಂದ ಹತ್ತಿರ ಹೋಗಲಾಗಲಿಲ್ಲವೆಂದೂ ಅದರಲ್ಲಿ ಅಚ್ಚಾಗಿತ್ತು. ಕೂಲಿಕ್ 1921ರಲ್ಲಿ ಹೋಗಿ ವಿಚಾರಿಸಿದಾಗ ಕಲ್ಲಿನ ಕಥೆ ಸುಳ್ಳೆಂದು ತಿಳಿಯಿತು. ಆದರೆ ಸದ್ದು ನಿಜವಾಗಿತ್ತು. ಸ್ಫೋಟದ ಜಾಗ ನೂರಾರು ಕಿಲೋಮೀಟರ್ ಉತ್ತರದಲ್ಲಿತ್ತು. ಸುಳ್ಳು ಸುದ್ದಿಯೊಳಗೂ ಒಂದು ನಿಜ ಅಡಗಿರಬಹುದು, ಅದನ್ನು ಬೇರ್ಪಡಿಸಲು ನಡೆದುಹೋಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

1927ರಲ್ಲಿ ಎವೆಂಕಿ ಮಾರ್ಗದರ್ಶಿಗಳ ನೆರವಿನಿಂದ ಕೂಲಿಕ್ ಆ ಸ್ಥಳ ತಲುಪಿದರು. ಆ ಜಾಗಕ್ಕೆ ಕಾಲಿಡಲು ಸ್ಥಳೀಯರು ಅಂಜುತ್ತಿದ್ದರು. ಕಣ್ಣು ಹಾಯುವವರೆಗೆ ಮರಗಳು ಒಂದೇ ಕೇಂದ್ರದಿಂದ ಹೊರಮುಖವಾಗಿ ಮಲಗಿದ್ದವು. ಆದರೆ ಕೇಂದ್ರದಲ್ಲಿ ಕುಳಿ ಇರಲಿಲ್ಲ. ಬದಲಿಗೆ ಕೊಂಬೆಗಳನ್ನೆಲ್ಲ ಕಳೆದುಕೊಂಡ ಮರಗಳು ಟೆಲಿಗ್ರಾಫ್ ಕಂಬಗಳಂತೆ ನೆಟ್ಟಗೆ ನಿಂತಿದ್ದವು. ಕೂಲಿಕ್ ಬಿಡಲಿಲ್ಲ. ಮತ್ತೆ ಮತ್ತೆ ಬಂದರು. ಜೌಗಿನಲ್ಲಿದ್ದ ಒಂದು ಗುಂಡಿಯ ನೀರು ಬಸಿದು ನೋಡಿದರು. ತಳದಲ್ಲಿ ಸಿಕ್ಕಿದ್ದು ಹಳೆಯ ಮರದ ಬುಡ. ಅಲ್ಲಿ ಉಲ್ಕೆ ಅಪ್ಪಳಿಸಿದ್ದರೆ ಆ ಬುಡ ಉಳಿಯುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಪರವಾಗಿ ಹೋರಾಡಿ ಜರ್ಮನರ ಸೆರೆಸಿಕ್ಕ ಕೂಲಿಕ್ 1942ರಲ್ಲಿ ಟೈಫಸ್ ಜ್ವರದಿಂದ ತೀರಿಕೊಂಡರು. ತಾವು ಹುಡುಕಿದ ಕಲ್ಲನ್ನು ಅವರು ಕೊನೆಗೂ ಕಾಣಲಿಲ್ಲ.

ಕಲ್ಲು ಸಿಗದಿದ್ದಾಗ ಕಲ್ಪನೆ ಗರಿಗೆದರಿತು. 1946ರಲ್ಲಿ ಅಲೆಕ್ಸಾಂಡರ್ ಕಜಾನ್ತ್ಸೆವ್ ಎಂಬ ಸೋವಿಯತ್ ಲೇಖಕ ಅನ್ಯಗ್ರಹದ ಅಣುಚಾಲಿತ ನೌಕೆಯೊಂದು ತುಂಗುಸ್ಕಾದಲ್ಲಿ ಸಿಡಿಯಿತು ಎಂಬ ಕಥೆ ಬರೆದರು. ಅದು ಹಿರೋಷಿಮಾ ಆದ ಮರುವರ್ಷ ಎಂಬುದನ್ನು ಗಮನಿಸಬೇಕು. ವಿಜ್ಞಾನಿಗಳೂ ಹಿಂದೆ ಬೀಳಲಿಲ್ಲ. 1965ರಲ್ಲಿ ಪ್ರತಿದ್ರವ್ಯ ಎಂದರು, 1973ರಲ್ಲಿ ಪುಟ್ಟ ಕಪ್ಪುಕುಳಿ ಭೂಮಿಯನ್ನು ತೂರಿಹೋಯಿತು ಎಂದರು. ಪ್ರತಿಯೊಂದು ಕಾಲವೂ ತನ್ನ ಭಯವನ್ನೂ ತನ್ನ ಬೆರಗನ್ನೂ ಆ ಖಾಲಿ ಜಾಗದಲ್ಲಿ ತುಂಬಿತು.

ಗಾಳಿಯೇ ಗೋಡೆ

ನಿಜವಾದ ಉತ್ತರ ಇವೆಲ್ಲಕ್ಕಿಂತ ಸರಳ. ಕಾಡಿನ ಮಣ್ಣಿನಲ್ಲಿ ಸೂಕ್ಷ್ಮದರ್ಶಕದಿಂದಷ್ಟೇ ಕಾಣುವ ಕಬ್ಬಿಣ ಮತ್ತು ಶಿಲೆಯ ಗೋಲಿಗಳು ನಂತರದ ಶೋಧಗಳಲ್ಲಿ ಸಿಕ್ಕವು. ಹತ್ತಾರು ಮೀಟರ್ ಗಾತ್ರದ ಕಾಯವೊಂದು ನೆಲ ಮುಟ್ಟುವ ಮೊದಲೇ, ಸುಮಾರು ಐದರಿಂದ ಹತ್ತು ಕಿಲೋಮೀಟರ್ ಎತ್ತರದಲ್ಲಿ ಸಿಡಿದುಹೋಗಿತ್ತು.

ಬಾಹ್ಯಾಕಾಶದ ಕಲ್ಲು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಆ ವೇಗದಲ್ಲಿ ಬಂದವನಿಗೆ ಗಾಳಿಯೂ ಗೋಡೆಯೇ. ಮುಂಭಾಗದ ಗಾಳಿ ಪಕ್ಕಕ್ಕೆ ಸರಿಯಲು ಸಮಯವಿಲ್ಲದೆ ಒತ್ತಲ್ಪಟ್ಟು ಕಾದು ಉರಿಯುತ್ತದೆ. ಮುಂದೆ ಭಾರೀ ಒತ್ತಡ, ಹಿಂದೆ ಬಹುತೇಕ ಶೂನ್ಯ. ಕೆಳಗಿಳಿದಂತೆ ಗಾಳಿ ದಟ್ಟವಾಗಿ ಒತ್ತಡ ಹೆಚ್ಚುತ್ತದೆ. ಒಂದು ಹಂತದಲ್ಲಿ ಕಲ್ಲು ಅದನ್ನು ತಡೆಯಲಾರದೆ ಚೂರಾಗುತ್ತದೆ. ಚೂರಾದೊಡನೆ ಗಾಳಿಗೆ ಒಡ್ಡಿಕೊಂಡ ಮೈ ಹಲವು ಪಟ್ಟು ಹೆಚ್ಚಿ, ಅದರ ಚಲನಶಕ್ತಿಯೆಲ್ಲ ಕ್ಷಣಾರ್ಧದಲ್ಲಿ ಶಾಖ, ಬೆಳಕು ಮತ್ತು ಆಘಾತದ ಅಲೆಯಾಗಿ ಹೊರಬರುತ್ತದೆ. ಮದ್ದುಗುಂಡು ಬೇಕಿಲ್ಲ, ವೇಗವೇ ಮದ್ದು. ತುಂಗುಸ್ಕಾದಲ್ಲಿ ಬಿಡುಗಡೆಯಾದ ಶಕ್ತಿಯನ್ನು 30 ಲಕ್ಷದಿಂದ 1.5 ಕೋಟಿ ಟನ್ ಟಿಎನ್‌ಟಿಗೆ ಸಮ ಎಂದು ಅಂದಾಜಿಸಲಾಗಿದೆ. ನೆತ್ತಿಯ ಮೇಲಿಂದ ಬಂದ ಅಲೆ ಕೇಂದ್ರದ ಮರಗಳ ಕೊಂಬೆಗಳನ್ನು ಸವರಿ ಕಾಂಡಗಳನ್ನು ನಿಲ್ಲಿಸಿತು. ಓರೆಯಾಗಿ ಬಂದ ಅಲೆ ದೂರದ ಮರಗಳನ್ನು ಉರುಳಿಸಿತು. ಕಂಬಗಳ ಒಗಟು ಬಿಡಿಸಿದ್ದು ಹೀಗೆ. ಆ ಕಾಯ ಕ್ಷುದ್ರಗ್ರಹವೋ ಧೂಮಕೇತುವಿನ ತುಣುಕೋ ಎಂಬ ಚರ್ಚೆ ಬಹಳ ಕಾಲ ನಡೆದಿದೆ. ಶಿಲೆಯ ಕ್ಷುದ್ರಗ್ರಹದಿಂದಲೇ ಇಂತಹ ಸ್ಫೋಟ ಸಾಧ್ಯವೆಂದು 1993ರಲ್ಲಿ ಪ್ರಕಟವಾದ ಲೆಕ್ಕಾಚಾರ ತೋರಿಸಿತು.

ಅಂದಹಾಗೆ, ಆ ಕಾಯ ಸುಮಾರು ನಾಲ್ಕು ಮುಕ್ಕಾಲು ಗಂಟೆ ತಡವಾಗಿ ಬಂದಿದ್ದರೆ ಅದೇ ಅಕ್ಷಾಂಶದ ಸೇಂಟ್ ಪೀಟರ್ಸ್‌ಬರ್ಗ್, ಅಂದರೆ ಆಗಿನ ರಷ್ಯಾದ ರಾಜಧಾನಿ, ಅದರ ಕೆಳಗಿರುತ್ತಿತ್ತು.

ಕ್ಯಾಮರಾ ಕಣ್ಣಿನ ಮುಂದೆ

ತುಂಗುಸ್ಕಾ ನಡೆದಾಗ ನೋಡಿದವರು ಕೆಲವೇ ಮಂದಿ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದಲ್ಲಿ ಹಾಗಾಗಲಿಲ್ಲ. ಬೆಳಿಗ್ಗೆ 9.20ರ ಸುಮಾರಿಗೆ ಸುಮಾರು 20 ಮೀಟರ್ ಗಾತ್ರದ ಕಲ್ಲೊಂದು ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಸಿಡಿದದ್ದನ್ನು ನೂರಾರು ಕಾರುಗಳ ಕ್ಯಾಮರಾಗಳು ಸೆರೆಹಿಡಿದವು. ಅದರ ಶಕ್ತಿ 400ರಿಂದ 500 ಕಿಲೋಟನ್, ಹಿರೋಷಿಮಾದ ಸುಮಾರು ಮೂವತ್ತು ಪಟ್ಟು.

ಗಾಯಗೊಂಡವರು ಸುಮಾರು 1,500 ಮಂದಿ. ಸತ್ತವರು ಯಾರೂ ಇಲ್ಲ. ಗಾಯಗಳಲ್ಲಿ ಹೆಚ್ಚಿನವು ಗಾಜಿನಿಂದ ಆದವು. ಅದಕ್ಕೊಂದು ಕಾರಣವಿದೆ. ಬೆಳಕು ಕಂಡೊಡನೆ ಜನ ಕಿಟಕಿಯ ಬಳಿಗೆ ಓಡಿದರು. ಆಘಾತದ ಅಲೆ ಬರುವುದಕ್ಕೆ ಇನ್ನೂ ಎರಡು ನಿಮಿಷಕ್ಕೂ ಹೆಚ್ಚು ಸಮಯವಿತ್ತು. ಅದು ಬಂದಾಗ ಅವರ ಮುಖ ಗಾಜಿಗೆ ಎದುರಾಗಿತ್ತು. ಅಲ್ಲಿನ ಒಬ್ಬ ಶಾಲಾ ಶಿಕ್ಷಕಿ ಮಾತ್ರ ತನ್ನ ತರಗತಿಯ 44 ಮಕ್ಕಳನ್ನು ಡೆಸ್ಕಿನ ಕೆಳಗೆ ಅವಿತುಕೊಳ್ಳಲು ಹೇಳಿದರು. ಮಕ್ಕಳಿಗೆ ಏನೂ ಆಗಲಿಲ್ಲ, ಶಿಕ್ಷಕಿಯ ತೋಳಿಗೆ ಗಾಜು ತಗಲಿತು. ಅದೇನೆಂದು ಆಕೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಏನು ಮಾಡಬೇಕೆಂಬುದು ಗೊತ್ತಿತ್ತು.

ಅದೇ ದಿನ ರಷ್ಯಾದ ರಾಷ್ಟ್ರವಾದಿ ರಾಜಕಾರಣಿ ವ್ಲಾದಿಮಿರ್ ಝಿರಿನೋವ್‌ಸ್ಕಿ ಇದು ಉಲ್ಕೆಯೇ ಅಲ್ಲ, ಅಮೆರಿಕನ್ನರ ಹೊಸ ಅಸ್ತ್ರದ ಪರೀಕ್ಷೆ ಎಂದು ಘೋಷಿಸಿಬಿಟ್ಟರು. ಸಾವಿರಾರು ಜನ ಕಣ್ಣಾರೆ ಕಂಡ, ಕ್ಯಾಮರಾಗಳಲ್ಲಿ ದಾಖಲಾದ ಉಲ್ಕೆಗೇ ಈ ಗತಿ! ಶತ್ರುವಿನ ಹೆಸರು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದರೆ ಪುರಾವೆಗಾಗಿ ಯಾರು ಕಾಯುತ್ತಾರೆ? ಅದೃಷ್ಟವಶಾತ್ ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಚೆಬರ್ಕುಲ್ ಸರೋವರದ ತಳದಿಂದ ಆರು ನೂರು ಕಿಲೋಗಿಂತ ಹೆಚ್ಚು ತೂಕದ ಉಲ್ಕಾಶಿಲೆಯನ್ನು ಮೇಲೆತ್ತಲಾಯಿತು.

ಗೊತ್ತಿದ್ದವರ ಮೌನ

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಇಂತಹ ಸ್ಫೋಟಗಳು ನಾವು ತಿಳಿದಷ್ಟು ಅಪರೂಪವಲ್ಲ. ಅಣುಪರೀಕ್ಷೆ ಮತ್ತು ಕ್ಷಿಪಣಿಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ ಉಪಗ್ರಹಗಳು 1975ರಿಂದ 1992ರವರೆಗೆ ಒಂದು ಕಿಲೋಟನ್ ಅಥವಾ ಹೆಚ್ಚಿನ ಶಕ್ತಿಯ 136 ಆಕಾಶಸ್ಫೋಟಗಳನ್ನು ದಾಖಲಿಸಿದ್ದವು. ವರ್ಷಕ್ಕೆ ಸರಾಸರಿ ಎಂಟು. ಇದು ಹೊರಜಗತ್ತಿಗೆ ತಿಳಿದದ್ದು 1990ರ ದಶಕದಲ್ಲಿ, ಶೀತಲ ಸಮರ ಮುಗಿದ ಮೇಲೆ. ಅಲ್ಲಿಯವರೆಗೆ ಅವು ಸೇನೆಯ ರಹಸ್ಯ ಕಡತಗಳಲ್ಲಿದ್ದವು. 2018ರ ಡಿಸೆಂಬರ್ 18ರಂದು ಬೇರಿಂಗ್ ಸಮುದ್ರದ ಮೇಲೆ 173 ಕಿಲೋಟನ್ ಶಕ್ತಿಯ ಸ್ಫೋಟವಾಯಿತು. ಸಾಮಾನ್ಯ ಜನರಿಗೆ ಅದು ಸುದ್ದಿಯಾಗಿ ತಲುಪಿದ್ದು 2019ರ ಮಾರ್ಚಿನಲ್ಲಿ. ಹಲವು ದಶಕಗಳ ಇಂತಹ ಮಾಹಿತಿಯನ್ನು ಅಮೆರಿಕದ ಸೇನೆ ವಿಜ್ಞಾನಿಗಳಿಗೆ ಬಿಡುಗಡೆ ಮಾಡಿದ್ದು 2022ರಲ್ಲಿ.

ಒಂದು ದೇಶದ ಸೇನೆಗೆ ಗೊತ್ತಿರುವ ಸತ್ಯ ಇನ್ನೊಂದು ದೇಶದ ಜನರ ಪಾಲಿಗೆ ಪ್ರಾಣದ ಪ್ರಶ್ನೆಯಾಗಬಹುದು. 2002ರಲ್ಲಿ ಆ ಕಲ್ಲು ಕಾಶ್ಮೀರದ ಮೇಲೆ ಸಿಡಿದಿದ್ದರೆ ಅದು ಕಲ್ಲು ಎಂದು ಬಲ್ಲವರು ಸಾವಿರಾರು ಮೈಲಿ ದೂರದಲ್ಲಿದ್ದರು. ಅವರು ಹೇಳುವವರೆಗೆ ಇಲ್ಲಿನವರು ಕಾಯುತ್ತಿದ್ದರೇ? ಹೇಳಿದರೂ ನಂಬುತ್ತಿದ್ದರೇ?

ಸ್ಫೋಟವನ್ನು ಗುರುತಿಸುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. ನಮ್ಮ ಗೌರಿಬಿದನೂರಿನಲ್ಲಿ 1965ರಿಂದಲೂ ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲಿದೆ. ಬ್ರಿಟಿಷ್ ಸಹಕಾರದೊಂದಿಗೆ ಅದನ್ನು ಸ್ಥಾಪಿಸಿದ್ದೇ ದೂರದ ದೇಶಗಳ ಭೂಗತ ಅಣುಪರೀಕ್ಷೆಯನ್ನೂ ಸಹಜ ಭೂಕಂಪವನ್ನೂ ಬೇರ್ಪಡಿಸಿ ಗುರುತಿಸಲು. ಆದರೆ ಅದು ನೆಲದ ಕಿವಿ. ಆಕಾಶದ ಸ್ಫೋಟಕ್ಕೆ ಬೇರೆ ಕಿವಿ ಬೇಕು. ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದದಡಿ ಜಗತ್ತಿನಾದ್ಯಂತ ಕಿವಿಗೆ ಕೇಳಿಸದಷ್ಟು ಮಂದ್ರವಾದ ಧ್ವನಿಯನ್ನು ಗ್ರಹಿಸುವ ಠಾಣೆಗಳಿವೆ. ಚೆಲ್ಯಾಬಿನ್ಸ್ಕಿನ ಸದ್ದನ್ನು ಅಂತಹ 20 ಠಾಣೆಗಳು ಕೇಳಿಸಿಕೊಂಡವು, ಅವುಗಳಲ್ಲಿ ಒಂದು 15,000 ಕಿಲೋಮೀಟರ್ ದೂರದ ಅಂಟಾರ್ಕ್ಟಿಕದಲ್ಲಿತ್ತು. ಭಾರತವಾಗಲಿ ಪಾಕಿಸ್ತಾನವಾಗಲಿ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದರ ಕಾರಣಗಳ ಚರ್ಚೆ ಬೇರೆಯೇ ಇದೆ.

ಆದರೆ ಎರಡೂ ದೇಶಗಳ ನಡುವೆ ಒಂದು ಒಳ್ಳೆಯ ಮಾತು ಆಗಿದೆ. ಪ್ರಧಾನಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದಾಗ, 1999ರ ಫೆಬ್ರವರಿ 21ರಂದು ಸಹಿ ಬಿದ್ದ ತಿಳುವಳಿಕೆ ಪತ್ರದಲ್ಲಿ, ಅಣುಯುದ್ಧದ ಅಪಾಯಕ್ಕೆ ದಾರಿ ಮಾಡಬಲ್ಲ ಆಕಸ್ಮಿಕ, ಅನಧಿಕೃತ ಅಥವಾ ‘ವಿವರಣೆಗೆ ಸಿಗದ’ ಘಟನೆ ನಡೆದರೆ ತಕ್ಷಣ ಪರಸ್ಪರ ತಿಳಿಸಬೇಕು ಎಂದು ಒಪ್ಪಿಕೊಳ್ಳಲಾಗಿದೆ. ಆ ಮೂರನೆಯ ಪದವನ್ನು ಸೇರಿಸಿದವರು ದೂರದೃಷ್ಟಿಯವರು. ಆದರೆ ಕೆಲವೇ ತಿಂಗಳಲ್ಲಿ ಕಾರ್ಗಿಲ್ ನಡೆಯಿತು. ಬರೆದದ್ದಕ್ಕೂ ಬಾಳುವುದಕ್ಕೂ ಅಂತರ ಉಳಿಯಿತು. 2022ರ ಮಾರ್ಚ್ 9ರಂದು ಭಾರತದ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಭಾರತ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಎರಡು ದಿನಗಳ ನಂತರ. ತನಗೆ ತಕ್ಷಣ ತಿಳಿಸಲಿಲ್ಲವೆಂದು ಪಾಕಿಸ್ತಾನ ದೂರಿತು. ಯಾರೂ ಪ್ರತಿದಾಳಿಗೆ ಇಳಿಯಲಿಲ್ಲ ಎಂಬುದೇ ಸಮಾಧಾನ. ಅಂದು ಗಡಿಯಲ್ಲಿ 2002ರ ವಾತಾವರಣ ಇದ್ದಿದ್ದರೆ?

ಇದರ ತಿರುವುಮುರುವು ಕೂಡ ಅಪಾಯಕಾರಿಯೇ. 2016ರ ಫೆಬ್ರವರಿ 6ರಂದು ತಮಿಳುನಾಡಿನ ವೆಲ್ಲೂರು ಜಿಲ್ಲೆಯ ಕಾಲೇಜೊಂದರ ಆವರಣದಲ್ಲಿ ಸ್ಫೋಟವಾಗಿ ಬಸ್ ಚಾಲಕನೊಬ್ಬ ಸತ್ತ. ಪರೀಕ್ಷೆ ಪೂರ್ಣಗೊಳ್ಳುವ ಮೊದಲೇ ಅದನ್ನು ಉಲ್ಕೆ ಎಂದು ಘೋಷಿಸಲಾಯಿತು. ಚಿತ್ರಗಳನ್ನು ನೋಡಿದ ನಾಸಾ ವಿಜ್ಞಾನಿಗಳು ಅದು ಆಕಾಶದಿಂದ ಬಂದದ್ದರಂತೆ ಕಾಣುವುದಿಲ್ಲ, ನೆಲದ ಮೇಲಿನ ಸ್ಫೋಟವಿರಬೇಕು ಎಂದರು. ನೆಲದವರ ಮೇಲೆ ಅವಸರದಿಂದ ತಪ್ಪು ಹೊರಿಸುವುದು ಹೇಗೆ ಅನ್ಯಾಯವೋ, ನೆಲದವರ ತಪ್ಪಿರಬಹುದಾದುದನ್ನು ಅವಸರದಿಂದ ಆಕಾಶಕ್ಕೆ ಹೊರಿಸುವುದೂ ಸತ್ತವನಿಗೆ ಮಾಡುವ ಅನ್ಯಾಯವೇ.

ವಿಶ್ವಸಂಸ್ಥೆ ತುಂಗುಸ್ಕಾದ ನೆನಪಿಗೆ ಜೂನ್ 30ನ್ನು ಕ್ಷುದ್ರಗ್ರಹ ದಿನವೆಂದು 2016ರಲ್ಲಿ ಘೋಷಿಸಿತು. ಬರುವ ಕಲ್ಲನ್ನು ಮೊದಲೇ ಕಂಡುಹಿಡಿಯಲು ದೂರದರ್ಶಕಗಳು ಈಗ ರಾತ್ರಿಯಿಡೀ ಆಕಾಶ ಶೋಧಿಸುತ್ತವೆ. ಆದರೂ ಚೆಲ್ಯಾಬಿನ್ಸ್ಕಿನದು ಸೂರ್ಯನ ದಿಕ್ಕಿನಿಂದ ಬಂದಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹತ್ತಿಪ್ಪತ್ತು ಮೀಟರಿನ ಕಲ್ಲುಗಳು ಇನ್ನು ಮುಂದೆಯೂ ಹೇಳದೆ ಕೇಳದೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಸಮುದ್ರದ ಮೇಲೋ ಮರುಭೂಮಿಯ ಮೇಲೋ ಸಿಡಿದು ಯಾರಿಗೂ ಕೇಡು ಮಾಡದೆ ಹೋಗುತ್ತವೆ. ಎಂದಾದರೊಂದು ದಿನ ಒಂದು ಕಲ್ಲು ದ್ವೇಷದಿಂದ ಕಾದು ನಿಂತ ಗಡಿಯ ಮೇಲೆ ಸಿಡಿಯಬಹುದು. ಆಗ ಎಷ್ಟು ಜನ ಸಾಯಬೇಕೆಂಬುದನ್ನು ಆ ಕಲ್ಲಿನ ಗಾತ್ರ ತೀರ್ಮಾನಿಸುವುದಿಲ್ಲ. ಕೆಳಗಿನವರು ಮೊದಲು ಕೇಳುವ ಪ್ರಶ್ನೆ ತೀರ್ಮಾನಿಸುತ್ತದೆ.

ನಾಲ್ಕು ನೂರು ವರ್ಷಗಳ ಹಿಂದೆ ಜಲಂಧರಿನ ಒಬ್ಬ ಆಮಿಲ, ಬಿಸಿ ಆರದ ನೆಲದ ಮುಂದೆ ನಿಂತು ‘ಇದೇನು, ಅಗೆದು ನೋಡಿ’ ಎಂದ. ಉಪಗ್ರಹಗಳ ಕಾಲದ ನಾವು ಅಷ್ಟನ್ನಾದರೂ ಅವನಿಂದ ಕಲಿಯಬಹುದು.